ಗೌರವ ಡಾಕ್ಟರೇಟ್: ಕೇಳಬೇಕಾದ್ದು ಕೊಟ್ಟವರನ್ನು

ಘಟಿಕೋತ್ಸವದ ಮರುದಿನ ಪತ್ರಿಕೆ ತೆರೆದರೆ ಸಾಮಾನ್ಯವಾಗಿ ಒಂದೇ ಫೋಟೊ ಇರುತ್ತದೆ. ನಡುವೆ ರಾಜ್ಯಪಾಲರು, ಪಕ್ಕದಲ್ಲಿ ನಿಲುವಂಗಿ ತೊಟ್ಟ ಒಬ್ಬ ಗಣ್ಯರು, ಅವರ ಕೈಯಲ್ಲಿ ಪದವಿ ಪತ್ರ. ಅದೇ ದಿನ ಪದವಿ ಪಡೆದ ಸಾವಿರಾರು ವಿದ್ಯಾರ್ಥಿಗಳು ಸುದ್ದಿಯ ಕೊನೆಯಲ್ಲಿ ಒಂದು ಸಂಖ್ಯೆಯಾಗಿ ಬಂದು ಹೋಗುತ್ತಾರೆ. ಆಮೇಲೆ ಮುಂಬಯಿ, ಪುಣೆ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ಇವರು ಪಿಎಚ್.ಡಿ. ಯಾವಾಗ ಮಾಡಿದರು? ಇನ್ನು ಮೇಲೆ ಆಮಂತ್ರಣ ಪತ್ರಿಕೆಯಲ್ಲಿ 'ಡಾ.' ಅಂತ ಹಾಕಬೇಕಾ? ದುಡ್ಡು ಕೊಟ್ಟರೂ ಸಿಗುತ್ತಂತೆ, ನಿಜವಾ?

ಗೊಂದಲಕ್ಕೆ ಕಾರಣ ಇದೆ. ಈಚಿನ ವರ್ಷಗಳ ಮೂರು ಸುದ್ದಿಗಳನ್ನೇ ನೋಡಿ. 2022ರ ನವೆಂಬರ್‌ನಲ್ಲಿ ಔರಂಗಾಬಾದ್‌ನ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯ ಶರದ್ ಪವಾರ್ ಮತ್ತು ನಿತಿನ್ ಗಡ್ಕರಿ ಇಬ್ಬರಿಗೂ ಒಂದೇ ವೇದಿಕೆಯಲ್ಲಿ ಗೌರವ ಡಿ.ಲಿಟ್. ಕೊಟ್ಟಿತು. 2023ರ ಡಿಸೆಂಬರ್‌ನಲ್ಲಿ ಜಪಾನಿನ ಕೋಯಾಸಾನ್ ವಿಶ್ವವಿದ್ಯಾಲಯ ಆಗ ಉಪಮುಖ್ಯಮಂತ್ರಿಯಾಗಿದ್ದ ದೇವೇಂದ್ರ ಫಡಣವೀಸ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಸಮಾರಂಭ ನಡೆದದ್ದು ಜಪಾನಿನಲ್ಲಲ್ಲ, ಮುಂಬಯಿ ಫೋರ್ಟ್‌ನಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಘಟಿಕೋತ್ಸವ ಸಭಾಂಗಣದಲ್ಲಿ. 2025ರ ಜನವರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಕೊಟ್ಟ ಪದವಿ ಪತ್ರಗಳಲ್ಲಿ ಊರಿನ ಹೆಸರೇ 'ಮುಮಬಯಿ' ಎಂಬಂತೆ ತಪ್ಪಾಗಿ ಅಚ್ಚಾಗಿತ್ತು. ಇವಕ್ಕೆ ಒಂದಕ್ಕೊಂದು ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇದೆ.

ಹೆಸರು ಒಂದೇ, ದಾರಿ ಎರಡು

ಪಿಎಚ್.ಡಿ. ಪಡೆಯೋದು ಹೇಗೆ ಅಂತ ಮುಂಬಯಿ ವಿಶ್ವವಿದ್ಯಾಲಯದ ಕಲಿನಾ ಆವರಣದ ಕನ್ನಡ ವಿಭಾಗದಲ್ಲಿ ಸಂಶೋಧನೆ ಮಾಡಿದವರನ್ನು ಕೇಳಿದರೆ ಸಾಕು. ಬೆಳಿಗ್ಗೆ ನೌಕರಿ, ಸಂಜೆ ಲೋಕಲ್ ಟ್ರೇನ್, ರಾತ್ರಿ ಓದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಕನಿಷ್ಠ 3 ವರ್ಷ, ಹೆಚ್ಚೆಂದರೆ 6 ವರ್ಷ. ಮೊದಲು ಕೋರ್ಸ್‌ವರ್ಕ್, ಆಮೇಲೆ ಮಹಾಪ್ರಬಂಧ. ಅದನ್ನು ಹೊರಗಿನ ಇಬ್ಬರು ಪರೀಕ್ಷಕರು ಓದಬೇಕು. ಕೊನೆಗೆ ಎಲ್ಲರೆದುರು ಮೌಖಿಕ ಪರೀಕ್ಷೆ.

ಗೌರವ ಪದವಿಗೆ ಇದ್ಯಾವುದೂ ಇಲ್ಲ. ಅಲ್ಲಿ ಪರೀಕ್ಷೆಯ ಜಾಗದಲ್ಲಿ ಒಂದು ಸಭೆಯ ನಿರ್ಣಯ ಇರುತ್ತದೆ. ಡಿ.ಲಿಟ್. (ಸಾಹಿತ್ಯ), ಡಿ.ಎಸ್ಸಿ. (ವಿಜ್ಞಾನ), ಎಲ್ಎಲ್.ಡಿ. (ಕಾನೂನು) ಅನ್ನುವ ಹೆಸರುಗಳಲ್ಲಿ ಕೊಡುತ್ತಾರೆ. ಇವೇ ಹೆಸರಿನ ಪದವಿಗಳನ್ನು ಪ್ರಬಂಧ ಬರೆದು ಗಳಿಸಲೂ ಕೆಲವು ಕಡೆ ಅವಕಾಶ ಇದೆ. ಹಾಗಾಗಿ ಬರೀ 'ಡಿ.ಲಿಟ್.' ಅಂತ ಓದಿದರೆ ಯಾವುದು ಅಂತ ಗೊತ್ತಾಗುವುದೇ ಇಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ಮಾತ್ರ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಗೌರವ ಪದವಿ ತೋರಿಸಿ ಯಾರೂ ಪ್ರಾಧ್ಯಾಪಕರಾಗಲು ಆಗದು.

ಅಂಬೇಡ್ಕರ್ ಅವರ ಬದುಕಿನಲ್ಲಿ ಈ ಎರಡೂ ದಾರಿ ಕಾಣಿಸುತ್ತವೆ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಮಾಡಿದ ಅವರು 1923ರಲ್ಲಿ ಲಂಡನ್‌ನಿಂದ ಡಿ.ಎಸ್ಸಿ., 1927ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಎರಡೂ ಓದಿ, ಬರೆದು ಗಳಿಸಿದ್ದು. ಅದೇ ಕೊಲಂಬಿಯಾ 1952ರಲ್ಲಿ ಗೌರವ ಎಲ್ಎಲ್.ಡಿ., ಉಸ್ಮಾನಿಯಾ 1953ರಲ್ಲಿ ಗೌರವ ಡಿ.ಲಿಟ್. ಕೊಟ್ಟವು. ಈ ಎರಡು ಬರುವ ಹೊತ್ತಿಗೆ ಅವರು 'ಡಾ. ಅಂಬೇಡ್ಕರ್' ಆಗಿ ಎಷ್ಟೋ ವರ್ಷವಾಗಿತ್ತು.

ತೀರ್ಮಾನ ಯಾರದ್ದು?

ಇಲ್ಲೊಂದು ಸಣ್ಣ ಎಚ್ಚರಿಕೆ. ಕರ್ನಾಟಕದ ಪತ್ರಿಕೆಗಳಲ್ಲಿ 'ಕುಲಪತಿ' ಅಂದರೆ ವಿ.ವಿ. ನಡೆಸುವವರು, 'ಕುಲಾಧಿಪತಿ' ಅಂದರೆ ರಾಜ್ಯಪಾಲರು. ಮರಾಠಿ ಪತ್ರಿಕೆಗಳಲ್ಲಿ 'ಕುಲಪತಿ' ಅಂದರೇ ರಾಜ್ಯಪಾಲರು, ವಿ.ವಿ. ನಡೆಸುವವರು 'ಕುಲಗುರು'. ಎರಡೂ ಭಾಷೆಯ ಪೇಪರ್ ಓದುವ ಮುಂಬಯಿ ಕನ್ನಡಿಗರಿಗೆ ಯಾರು ಯಾರಿಗೆ ಸಹಿ ಹಾಕಿದರು ಅನ್ನೋದೇ ತಲೆಕೆಳಗಾಗಿ ಕಾಣುವುದುಂಟು. ಈ ಲೇಖನದಲ್ಲಿ ಕರ್ನಾಟಕದ ರೂಢಿಯನ್ನೇ ಇಟ್ಟುಕೊಂಡಿದ್ದೇವೆ.

ಮುಂಬಯಿ ವಿ.ವಿ. ಶುರುವಾದದ್ದು 1857ರಲ್ಲಿ. ಆದರೆ ಗೌರವ ಪದವಿ ಕೊಡುವ ಅಧಿಕಾರ ಮೊದಲಿನಿಂದ ಇರಲಿಲ್ಲ. ಅದಕ್ಕಾಗಿ ಬೇರೆ ಕಾಯ್ದೆಯೇ ಬೇಕಾಯಿತು. ಕಲ್ಕತ್ತಾಕ್ಕೆ 1875ರಲ್ಲಿ, ಮುಂಬಯಿ ಮತ್ತು ಮದ್ರಾಸಿಗೆ 1884ರಲ್ಲಿ ಆ ಅಧಿಕಾರ ಬಂತು. ಆ ಕಾಯ್ದೆ ಹೇಳಿದ ಅರ್ಹತೆ ಎರಡು: ವ್ಯಕ್ತಿಯ ಉನ್ನತ ಸ್ಥಾನ ಮತ್ತು ಸಾಧನೆ. ಇವತ್ತಿನ ಮಹಾರಾಷ್ಟ್ರದ ಕಾನೂನು ಇದಕ್ಕೆ ಮೂರನೆಯದಾಗಿ ಸಾರ್ವಜನಿಕ ಸೇವೆಯನ್ನು ಸೇರಿಸುತ್ತದೆ. ಅಂದರೆ ಕುರ್ಚಿ ನೋಡಿ ಪದವಿ ಕೊಡುತ್ತಾರೆ ಅಂತ ಬಯ್ಯುವವರು ಒಂದು ವಿಷಯ ಗಮನಿಸಬೇಕು. ಕುರ್ಚಿಯನ್ನು ಲೆಕ್ಕಕ್ಕೆ ಹಿಡಿಯಲು ಕಾನೂನೇ ಮೊದಲ ದಿನದಿಂದ ಅವಕಾಶ ಕೊಟ್ಟಿದೆ. ಆಳುವವರಿಗೆ ಮರ್ಯಾದೆ ತೋರಿಸಲು ವಸಾಹತು ಕಾಲದಲ್ಲಿ ಮಾಡಿಟ್ಟ ಬಾಗಿಲು ಅದು. ನಾವು ಅದನ್ನು ಮುಚ್ಚಲಿಲ್ಲ.

ಆದರೆ ಅದೇ ಬಾಗಿಲಿನಿಂದ ಬೇರೆಯವರೂ ಒಳಗೆ ಬಂದಿದ್ದಾರೆ. 1904ರಲ್ಲಿ ಮುಂಬಯಿ ವಿ.ವಿ. ಸಂಸ್ಕೃತ ವಿದ್ವಾಂಸ ಆರ್.ಜಿ. ಭಂಡಾರ್ಕರ್ ಅವರಿಗೆ ಗೌರವ ಎಲ್ಎಲ್.ಡಿ. ಕೊಟ್ಟಿತು. 1916ರಲ್ಲಿ ದಾದಾಭಾಯಿ ನವರೋಜಿ ಅವರಿಗೆ. ಬ್ರಿಟಿಷ್ ಆಡಳಿತ ಭಾರತದ ಸಂಪತ್ತನ್ನು ಹೇಗೆ ಹೊರಗೆ ಸಾಗಿಸುತ್ತಿದೆ ಅಂತ ಲೆಕ್ಕ ಹಾಕಿ ತೋರಿಸಿದ ಮನುಷ್ಯನಿಗೆ, ಬ್ರಿಟಿಷ್ ಗವರ್ನರ್ ಕುಲಾಧಿಪತಿಯಾಗಿದ್ದ ವಿಶ್ವವಿದ್ಯಾಲಯವೇ ಕೊಟ್ಟ ಗೌರವ. ಈಗಿನ ಯಾವ ವಿ.ವಿ. ತನ್ನ ಸರ್ಕಾರವನ್ನು ಅಷ್ಟು ಟೀಕಿಸಿದವರನ್ನು ವೇದಿಕೆಗೆ ಕರೆದೀತು, ಹೇಳಿ?

ಈಗ ಜಾರಿಯಲ್ಲಿರುವುದು 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆ. ಮುಂಬಯಿ ವಿ.ವಿ.ಗೂ, ಪುಣೆಯ ಸಾವಿತ್ರಿಬಾಯಿ ಫುಲೆ ವಿ.ವಿ.ಗೂ ಇದೇ ನಿಯಮ. ಅದರ ಪ್ರಕಾರ ಹೆಸರು ಮುಂದೆ ಹೋಗುವ ಕ್ರಮ ಹೀಗಿದೆ. ಮೊದಲು ಕುಲಪತಿಗಳು ಆ ಹೆಸರಿಗೆ ಕುಲಾಧಿಪತಿಗಳ, ಅಂದರೆ ರಾಜ್ಯಪಾಲರ ಒಪ್ಪಿಗೆ ತರಬೇಕು. ಆ ಒಪ್ಪಿಗೆ ಇಲ್ಲದೆ ವಿ.ವಿ.ಯ ಆಡಳಿತ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕೌನ್ಸಿಲ್ ಪ್ರಸ್ತಾಪವನ್ನು ಕೈಗೆತ್ತಿಕೊಳ್ಳುವಂತೆಯೇ ಇಲ್ಲ. ಕೌನ್ಸಿಲ್ ಶಿಫಾರಸು ಮಾಡಿದ ಮೇಲೆ ಅದು ಸೆನೆಟ್, ಅಂದರೆ ಚುನಾಯಿತರೂ ನಾಮನಿರ್ದೇಶಿತರೂ ಇರುವ ವಿ.ವಿ.ಯ ದೊಡ್ಡ ಸಭೆಯ ಮುಂದೆ ಹೋಗುತ್ತದೆ. ಅಲ್ಲಿ ಹಾಜರಿದ್ದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು.

ಕಾಗದದ ಮೇಲೆ ಇದು ಗಟ್ಟಿ ವ್ಯವಸ್ಥೆ. ಮೂರನೇ ಎರಡರ ಬಹುಮತ ಸಂವಿಧಾನದ ತಿದ್ದುಪಡಿಗೆ ಕೇಳುವಂಥದ್ದು. ಆದರೆ ಕೆಲಸ ನಡೆಯುವ ಕ್ರಮವನ್ನು ಗಮನಿಸಿ. ರಾಜ್ಯಪಾಲರಿಗೆ ಬೇಡವಾದ ಹೆಸರು ಚರ್ಚೆಗೇ ಬರುವುದಿಲ್ಲ. ಸೆನೆಟ್ ಸದಸ್ಯರ ಕೈಗೆ ಸಿಗುವುದು ಆಗಲೇ ಮೇಲಿನಿಂದ ಪಾಸಾದ ಹೆಸರು. ಅದನ್ನು ಬೇಡ ಅಂದರೆ ಒಬ್ಬ ಗಣ್ಯರಿಗೂ ರಾಜ್ಯಪಾಲರಿಗೂ ಒಟ್ಟಿಗೆ ಅವಮಾನ ಮಾಡಿದಂತೆ. ಆ ಧೈರ್ಯ ಎಷ್ಟು ಜನ ಮಾಡುತ್ತಾರೆ? ಸೆನೆಟ್‌ನಲ್ಲಿ ನಾಮನಿರ್ದೇಶಿತ ಸದಸ್ಯರೂ ಇರುತ್ತಾರೆ ಅನ್ನುವುದನ್ನು ಮರೆಯಬಾರದು. ಹಾಗಾಗಿ ಕೊನೆಯ ಮತದಾನಕ್ಕಿಂತ ಮೊದಲ ಮೆಟ್ಟಿಲಿನ ಒಪ್ಪಿಗೆಯಲ್ಲೇ ನಿಜವಾದ ತೀರ್ಮಾನ ಆಗಿಬಿಡುತ್ತದೆ. ಅಲ್ಲಿ ಏನು ನಡೆಯಿತು ಅನ್ನೋದು ಯಾರಿಗೂ ಕಾಣಿಸುವುದಿಲ್ಲ.

ಕುಲಪತಿಗಳ ಸ್ಥಿತಿಯನ್ನೂ ನೋಡಬೇಕು. ಅವರನ್ನು ನೇಮಿಸುವುದು ಕುಲಾಧಿಪತಿ. ಖಾಲಿ ಇರುವ ಅಧ್ಯಾಪಕರ ಹುದ್ದೆ ತುಂಬಲು, ಅನುದಾನಕ್ಕೆ, ಜಾಗಕ್ಕೆ ಸರ್ಕಾರದ ಬಾಗಿಲು ತಟ್ಟಬೇಕು. ಇಂಥ ಜಾಗದಲ್ಲಿ ಕೂತವರಿಗೆ ಗೌರವ ಪದವಿ ಖರ್ಚಿಲ್ಲದೆ ಕೊಡಬಹುದಾದ ಉಡುಗೊರೆಯಾಗಿ ಕಂಡರೆ ಆಶ್ಚರ್ಯವೇನಿಲ್ಲ. ಲಂಚ ಅಂತ ಕರೆಯಲಾಗದು. ಸಂಬಂಧ ಚೆನ್ನಾಗಿಟ್ಟುಕೊಳ್ಳುವ ಒಂದು ದಾರಿ, ಅಷ್ಟೆ.

ಕಾವಲುಗಾರರೇ ಇಲ್ಲದ ವರ್ಷ

ಸೆನೆಟ್‌ನಲ್ಲಿ ಹಳೆಯ ವಿದ್ಯಾರ್ಥಿಗಳ ಪ್ರತಿನಿಧಿಗಳೂ ಇರುತ್ತಾರೆ. ಮುಂಬಯಿ ವಿ.ವಿ.ಯಲ್ಲಿ ನೋಂದಾಯಿತ ಪದವೀಧರರು ಇಂಥ 10 ಜನರನ್ನು ಆರಿಸುತ್ತಾರೆ. ಈ ಚುನಾವಣೆ 2023ರಲ್ಲಿ ನಡೆಯಬೇಕಿತ್ತು. ಕೊನೆಯ ಗಳಿಗೆಯಲ್ಲಿ ನಿಂತಿತು. ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಮತದಾನವಾಗಿ, 10ಕ್ಕೆ 10 ಸ್ಥಾನವನ್ನೂ ಉದ್ಧವ್ ಠಾಕ್ರೆ ಬಣದ ಯುವಸೇನೆ ಗೆದ್ದಿತು.

ಯಾರು ಗೆದ್ದರು ಅನ್ನೋದು ನಮ್ಮ ವಿಷಯಕ್ಕೆ ಮುಖ್ಯವಲ್ಲ. ಅಷ್ಟು ದಿನ ಆ ಕುರ್ಚಿಗಳು ಖಾಲಿ ಇದ್ದವು ಅನ್ನೋದು ಮುಖ್ಯ. ಶುಲ್ಕ, ಫಲಿತಾಂಶ, ಘಟಿಕೋತ್ಸವ, ಯಾವುದರ ಬಗ್ಗೆಯೂ ಪದವೀಧರರ ಪರವಾಗಿ ಸೆನೆಟ್‌ನಲ್ಲಿ ಎದ್ದು ನಿಂತು ಕೇಳುವವರು ಇರಲಿಲ್ಲ.

ಇನ್ನೊಂದು ಎಳೆದಾಟ ಮೇಲಿನ ಹಂತದಲ್ಲಿದೆ. 2021ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಮಹಾವಿಕಾಸ ಅಘಾಡಿ (ಶಿವಸೇನೆ, ಎನ್‌ಸಿಪಿ, ಕಾಂಗ್ರೆಸ್ ಮೈತ್ರಿ) ಸರ್ಕಾರ ಉನ್ನತ ಶಿಕ್ಷಣ ಸಚಿವರನ್ನು ಸಹಕುಲಾಧಿಪತಿ ಮಾಡುವ, ಕುಲಪತಿ ನೇಮಕದಲ್ಲಿ ರಾಜ್ಯಪಾಲರ ಕೈ ಕಟ್ಟುವ ಮಸೂದೆ ಪಾಸ್ ಮಾಡಿತು. ಸರ್ಕಾರ ಬದಲಾಯಿತು, ಮಸೂದೆ ವಾಪಸ್ ಹೋಯಿತು. ಕರ್ನಾಟಕದಲ್ಲೂ 2024ರ ಡಿಸೆಂಬರ್‌ನಲ್ಲಿ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿ.ವಿ.ಗೆ ಮುಖ್ಯಮಂತ್ರಿಯೇ ಕುಲಾಧಿಪತಿ ಆಗಬೇಕು ಅನ್ನುವ ಮಸೂದೆ ಪಾಸಾಯಿತು. ಜಗಳ ನೇಮಕದ ಬಗ್ಗೆ ಅಂತ ಕಾಣುತ್ತದೆ. ಆದರೆ ಗೌರವ ಪದವಿಯ ಮೊದಲ ಬಾಗಿಲಿನ ಕೀಲಿಯೂ ಅದೇ ಕುರ್ಚಿಯಲ್ಲಿದೆ. ರಾಜ್ಯಪಾಲರ ಬದಲು ಸಚಿವರು ಬಂದರೆ ಗೌರವ ಪಡೆಯುವವರ ಪಕ್ಷ ಬದಲಾಗಬಹುದು, ಪದ್ಧತಿ ಬದಲಾಗುವುದಿಲ್ಲ.

ಇರಲಿ ಅನ್ನುವವರು

ಹಾಗಾದರೆ ಈ ಪದವಿಯೇ ಬೇಡವೇ? ಬೇಕು ಅನ್ನುವವರ ವಾದ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಎಷ್ಟೋ ದೊಡ್ಡವರು ವಿಶ್ವವಿದ್ಯಾಲಯದ ಹೊರಗೇ ಬೆಳೆದವರು. ಡಿ.ವಿ. ಗುಂಡಪ್ಪ ಮೆಟ್ರಿಕ್ ಕೂಡ ಪಾಸಾಗಿರಲಿಲ್ಲ. 1961ರಲ್ಲಿ ಮೈಸೂರು ವಿ.ವಿ. ಅವರಿಗೆ ಗೌರವ ಡಿ.ಲಿಟ್. ಕೊಟ್ಟಿತು. ಶಿವರಾಮ ಕಾರಂತರು ಗಾಂಧೀಜಿ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಆಮೇಲೆ ಹಲವು ವಿ.ವಿ.ಗಳು ಅವರನ್ನು ಕರೆದು ಡಾಕ್ಟರೇಟ್ ಕೊಟ್ಟವು. ಗಂಗೂಬಾಯಿ ಹಾನಗಲ್ ಕಲಿತ ವಿದ್ಯೆಯನ್ನು ಯಾವ ಪ್ರಶ್ನೆ ಪತ್ರಿಕೆ ಅಳೆಯಲು ಸಾಧ್ಯ?

ಇಲ್ಲಿ ಗೌರವ ಪದವಿ ಒಂದು ಕೆಲಸ ಮಾಡುತ್ತದೆ. ನಮ್ಮ ಗೋಡೆಯ ಹೊರಗೂ ವಿದ್ಯೆ ಇದೆ ಅಂತ ವಿಶ್ವವಿದ್ಯಾಲಯ ಬಹಿರಂಗವಾಗಿ ಒಪ್ಪಿಕೊಳ್ಳುತ್ತದೆ. ಹಂಪಿಯ ಕನ್ನಡ ವಿ.ವಿ. ತನ್ನ ಘಟಿಕೋತ್ಸವವನ್ನು ನುಡಿಹಬ್ಬ ಅಂತ ಕರೆದು, ಅಲ್ಲಿ ನಾಡೋಜ ಗೌರವ ಕೊಡುವುದರ ಹಿಂದೆ ಇರುವುದೂ ಇದೇ ಆಲೋಚನೆ. ಡಾಕ್ಟರೇಟ್ ಅನ್ನುವ ಹೆಸರನ್ನೇ ಬಿಟ್ಟು ಬೇರೆ ಹೆಸರು ಇಟ್ಟದ್ದರಿಂದ ಪಿಎಚ್.ಡಿ. ಜೊತೆ ಗೊಂದಲವೂ ಇಲ್ಲ. ಜಾಣತನದ ಕೆಲಸ ಅದು. ಬೇರೆ ವಿ.ವಿ.ಗಳು ಯಾಕೆ ಹೀಗೆ ಮಾಡಲಿಲ್ಲವೋ!

ಈ ಊರಿನ ನಂಟಿನ ಒಂದು ಹೆಸರು ಹೇಳಲೇಬೇಕು. ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ, ಮುಂಬಯಿ ವಿ.ವಿ.ಯ ಅಡಿಯಲ್ಲಿ. ನೌಕರಿ ಶುರು ಮಾಡಿದ್ದು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ. 1931ರಲ್ಲಿ ಮುಂಬಯಿ ವಿ.ವಿ. ಅವರಿಗೆ ಗೌರವ ಎಲ್ಎಲ್.ಡಿ. ಕೊಟ್ಟಿತು. ಬೇರೆ ವಿ.ವಿ.ಗಳಿಂದ ಬಂದ ಗೌರವ ಡಾಕ್ಟರೇಟ್‌ಗಳೂ ಹಲವು. ಆದರೂ ಕನ್ನಡಿಗರ ಬಾಯಲ್ಲಿ ಅವರು 'ಸರ್ ಎಂ.ವಿ.' ಆಗಿಯೇ ಉಳಿದರು. ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿದ ಪುಣೆಯ ಧೋಂಡೋ ಕೇಶವ ಕರ್ವೆ ಅವರಿಗೂ ಪುಣೆ, ಮುಂಬಯಿ, ಬನಾರಸ್ ವಿ.ವಿ.ಗಳು ಗೌರವ ಪದವಿ ಕೊಟ್ಟವು. ಜನ ಕರೆದದ್ದು ಮಹರ್ಷಿ ಕರ್ವೆ ಅಂತಲೇ. ರಾಜ್‌ಕುಮಾರ್ ವಿಷಯದಲ್ಲಿ ಮಾತ್ರ ಕನ್ನಡಿಗರು ಬೇರೆ ದಾರಿ ಹಿಡಿದರು. 1976ರಲ್ಲಿ ಮೈಸೂರು ವಿ.ವಿ. ಕೊಟ್ಟ ಗೌರವ ಡಾಕ್ಟರೇಟ್ ಅವರ ಹೆಸರಿನ ಭಾಗವೇ ಆಗಿಹೋಯಿತು. ಅದನ್ನು ಹಾಗೆ ಅಂಟಿಸಿದ್ದು ಅಭಿಮಾನಿಗಳ ಪ್ರೀತಿ.

ಸಾಕು ಅನ್ನುವವರು

ಎದುರು ವಾದ ಮಾಡುವವರಲ್ಲಿ ಎರಡು ಬಗೆ. ಒಬ್ಬರು ಪದ್ಧತಿಯನ್ನೇ ಒಪ್ಪದವರು. ಅಮೆರಿಕದ ಹೆಸರಾಂತ ತಾಂತ್ರಿಕ ವಿ.ವಿ. ಎಂಐಟಿ ಯಾರಿಗೂ ಗೌರವ ಪದವಿ ಕೊಡುವುದಿಲ್ಲ. ಓದಿ ಪಾಸಾದವರಿಗೆ ಮಾತ್ರ ಪದವಿ. ನಮ್ಮ ರಾಹುಲ್ ದ್ರಾವಿಡ್ ಕೂಡ 2017ರ ಜನವರಿಯಲ್ಲಿ ಬೆಂಗಳೂರು ವಿ.ವಿ. ಕೊಡಲು ಬಂದ ಗೌರವ ಡಾಕ್ಟರೇಟನ್ನು ನಯವಾಗಿ ಬೇಡ ಅಂದರು. ಕ್ರೀಡೆಯ ಬಗ್ಗೆ ಸಂಶೋಧನೆ ಮಾಡಿ ಗಳಿಸಲು ಪ್ರಯತ್ನಿಸುತ್ತೇನೆ ಅನ್ನುವುದು ಅವರ ಉತ್ತರವಾಗಿತ್ತು.

ಇನ್ನೊಂದು ಬಗೆಯವರ ಆಕ್ಷೇಪ ವ್ಯಕ್ತಿಯ ಬಗ್ಗೆ. ಅಧಿಕಾರದಲ್ಲಿ ಇರುವವರಿಗೆ ಕೊಡಬೇಡಿ ಅನ್ನುತ್ತಾರೆ ಅವರು. ಇದರ ದೊಡ್ಡ ಉದಾಹರಣೆ ಆಕ್ಸ್‌ಫರ್ಡ್‌ನದು. 1985ರಲ್ಲಿ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರಿಗೆ ಗೌರವ ಪದವಿ ಕೊಡುವ ಪ್ರಸ್ತಾಪವನ್ನು ಅಲ್ಲಿನ ಅಧ್ಯಾಪಕರು 738–319 ಮತಗಳಿಂದ ಸೋಲಿಸಿದರು. ಆಕೆ ಅಲ್ಲಿಯದೇ ವಿದ್ಯಾರ್ಥಿನಿ. ಶಿಕ್ಷಣಕ್ಕೆ ಕೊಡುವ ಹಣ ಕಡಿತ ಮಾಡಿದ್ದು ಸಿಟ್ಟಿಗೆ ಕಾರಣ. ಅಲ್ಲಿ ಮತದಾನ ನಡೆಯಿತು, ಸಂಖ್ಯೆ ಜಗತ್ತಿಗೆ ಗೊತ್ತಾಯಿತು. ನಮ್ಮಲ್ಲಿ ಮೂರನೇ ಎರಡರ ನಿಯಮ ಇದ್ದರೂ ಯಾರು ಪರ, ಯಾರು ವಿರೋಧ ಅಂತ ಓದುಗರ ಕಿವಿಗೆ ಬೀಳುವುದೇ ಅಪರೂಪ.

ಅಧಿಕಾರದಲ್ಲಿ ಇರುವವರಿಗೆ ಕೊಟ್ಟರೆ ಆಗುವ ತೊಂದರೆ ಇನ್ನೊಂದಿದೆ. ಅವರ ಲೆಕ್ಕ ಇನ್ನೂ ಮುಗಿದಿರುವುದಿಲ್ಲ. ಎಡಿನ್‌ಬರೊ ವಿ.ವಿ. 1984ರಲ್ಲಿ ಜಿಂಬಾಬ್ವೆಯ ರಾಬರ್ಟ್ ಮುಗಾಬೆಗೆ ಗೌರವ ಪದವಿ ಕೊಟ್ಟಿತ್ತು. 2007ರಲ್ಲಿ ವಾಪಸ್ ಕಿತ್ತುಕೊಳ್ಳಬೇಕಾಯಿತು. ಕರ್ವೆ ಅವರಿಗೆ ಮುಂಬಯಿ ವಿ.ವಿ. ಪದವಿ ಕೊಡುವಾಗ ಅವರ ವಯಸ್ಸು ತೊಂಬತ್ತೊಂಬತ್ತರ ಹತ್ತಿರ. ವಾಪಸ್ ಕೇಳುವ ಭಯ ಯಾರಿಗೂ ಇರಲಿಲ್ಲ!

ಪವಾರ್, ಗಡ್ಕರಿ ಇಬ್ಬರೂ ಬೇರೆ ಬೇರೆ ಪಕ್ಷದವರು. ಒಂದೇ ದಿನ ಇಬ್ಬರಿಗೂ ಕೊಟ್ಟರೆ ಪಕ್ಷಪಾತದ ಮಾತು ಬರುವುದಿಲ್ಲ ಅನ್ನುವ ಲೆಕ್ಕಾಚಾರ ಯಾರಿಗಾದರೂ ಹೊಳೆಯುವಂಥದ್ದೇ. ಪಕ್ಷಪಾತದ ಮಾತು ಬರಲಿಲ್ಲ, ನಿಜ. ಆದರೆ ಅದೇ ವೇದಿಕೆಯಲ್ಲಿ ಅಂದಿನ ರಾಜ್ಯಪಾಲ ಭಗತ್ ಸಿಂಗ್ ಕೋಶ್ಯಾರಿ, ಛತ್ರಪತಿ ಶಿವಾಜಿ ಹಳೆಯ ಕಾಲದ ಆದರ್ಶ ಅನ್ನುವ ಅರ್ಥದ ಮಾತಾಡಿದರು. ವಾರಗಟ್ಟಲೆ ಮಹಾರಾಷ್ಟ್ರ ಕುದಿಯಿತು. ಆ ಘಟಿಕೋತ್ಸವದಲ್ಲಿ ಯಾವ ವಿದ್ಯಾರ್ಥಿ ಯಾವ ಸಂಶೋಧನೆಗೆ ಪದವಿ ಪಡೆದ ಅನ್ನೋದು ಯಾರಿಗಾದರೂ ನೆನಪಿದೆಯಾ?

ಜಪಾನಿನ ಪದವಿ, ಫೋರ್ಟ್‌ನ ಸಭಾಂಗಣ

ಫಡಣವೀಸ್ ಅವರ ಸುದ್ದಿ ಬಂದಾಗ ಮುಂಬಯಿ ವಿ.ವಿ.ಯೇ ಡಾಕ್ಟರೇಟ್ ಕೊಟ್ಟಿತು ಅಂತ ಅಂದುಕೊಂಡರೆ ಅದು ಸಹಜ. ಫೋಟೊದಲ್ಲಿ ಕಾಣುವ ಕಟ್ಟಡ ಅದೇ ಅಲ್ವಾ. ಆದರೆ ಕೊಟ್ಟದ್ದು ಕೋಯಾಸಾನ್. ಮುಂಬಯಿಯ ಸೆನೆಟ್ ಆಗಲಿ, ಮಹಾರಾಷ್ಟ್ರದ ಕಾಯ್ದೆ ಆಗಲಿ ಈ ತೀರ್ಮಾನಕ್ಕೆ ಸಂಬಂಧಿಸಿದ್ದಲ್ಲ.

ಪದವಿ ತಾನೇ ಪ್ರಯಾಣ ಮಾಡಿ ಬರುವುದು ಹೊಸದೇನಲ್ಲ. 1940ರಲ್ಲಿ ಆಕ್ಸ್‌ಫರ್ಡ್ ವಿ.ವಿ. ಶಾಂತಿನಿಕೇತನಕ್ಕೇ ಬಂದು ರವೀಂದ್ರನಾಥ ಠಾಕೂರರಿಗೆ ಡಾಕ್ಟರೇಟ್ ಕೊಟ್ಟಿತ್ತು. ವಿದೇಶಿ ವಿ.ವಿ. ಯಾರಿಗೆ ಕೊಡಬೇಕು ಅನ್ನೋದು ಅದರ ಇಷ್ಟ. ಆದರೆ ಸ್ಥಳೀಯ ವಿ.ವಿ.ಯ ಸಭಾಂಗಣ ಬಳಸಿದಾಗ ಆ ಕಟ್ಟಡದ ಗೌರವವೂ ಪದವಿಗೆ ಅಂಟಿಕೊಳ್ಳುತ್ತದೆ. ಇದನ್ನು ತಿಳಿದೇ ಮಾಡಿದರು ಅನ್ನಲಾಗದು. ಆದರೆ ಓದುಗರಿಗೆ ಗೊಂದಲ ಆಗುವುದು ಇಲ್ಲಿಂದಲೇ.

ಕೇಂದ್ರೀಯ ವಿ.ವಿ.ಗಳ ಕಥೆ ಬೇರೆ. ಅಲ್ಲಿ ದೆಹಲಿಯ ಒಪ್ಪಿಗೆ ಬೇಕು. ಜಾಮಿಯಾ ಮಿಲಿಯಾ ತನ್ನ ಹಳೆಯ ವಿದ್ಯಾರ್ಥಿ ಶಾರುಖ್ ಖಾನ್‌ಗೆ ಗೌರವ ಪದವಿ ಕೊಡಲು ಹೊರಟಾಗ, 2016ರಲ್ಲಿ ಹೈದರಾಬಾದ್‌ನ ಮೌಲಾನಾ ಆಜಾದ್ ಉರ್ದು ವಿ.ವಿ. ಆಗಲೇ ಕೊಟ್ಟಿದೆ ಅಂತ ಸಚಿವಾಲಯ ತಡೆಯಿತು.

ಹೋಟೆಲ್ ಹಾಲಿನ ಡಾಕ್ಟರೇಟ್

ದುಡ್ಡು ಕೊಟ್ಟರೆ ಸಿಗುತ್ತದಾ ಅನ್ನುವ ಪ್ರಶ್ನೆಗೆ ಈಗ ಬರೋಣ. ಸಿಗುತ್ತದೆ. ಆದರೆ ಅದು ಡಾಕ್ಟರೇಟ್ ಅಲ್ಲ.

1956ರ ಯುಜಿಸಿ ಕಾಯ್ದೆಯ 22ನೇ ಕಲಂ ಪ್ರಕಾರ ಪದವಿ ಕೊಡುವ ಹಕ್ಕು ಇರುವುದು ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿ.ವಿ.ಗಳಿಗೆ, ವಿ.ವಿ.ಗೆ ಸಮಾನ ಅಂತ ಕೇಂದ್ರ ಘೋಷಿಸಿದ ಡೀಮ್ಡ್ ವಿ.ವಿ.ಗಳಿಗೆ ಮತ್ತು ಸಂಸತ್ತು ವಿಶೇಷ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಟ್ರಸ್ಟ್, ಅಕಾಡೆಮಿ, ಫೌಂಡೇಶನ್, ಏನೇ ಹೆಸರಿರಲಿ, ಉಳಿದವರು ಕೊಡುವುದು ಒಂದು ಕಾಗದ. ಯುಜಿಸಿ ಆಗಾಗ ನಕಲಿ ವಿ.ವಿ.ಗಳ ಪಟ್ಟಿ ಹಾಕುತ್ತದೆ. ಗೋಕಾಕದ ವಿಳಾಸದ ಒಂದು ಸಂಸ್ಥೆ, ನಾಗಪುರದ ಇನ್ನೊಂದು, ವರ್ಷಗಟ್ಟಲೆ ಅದರಲ್ಲಿದ್ದವು.

ಹೀಗೆ ಮಾಡಿದರೆ ಶಿಕ್ಷೆ ಏನು? ಅದೇ ಕಾಯ್ದೆಯ 24ನೇ ಕಲಂ ಹೇಳುವ ದಂಡ 1,000 ರೂಪಾಯಿವರೆಗೆ. 1956ರಲ್ಲಿ ಅದು ದೊಡ್ಡ ಮೊತ್ತ ಆಗಿರಬಹುದು. ಇವತ್ತು ಒಂದು ಶಾಲು, ಹಾರ, ಹಣ್ಣಿನ ಬುಟ್ಟಿಗೇ ಅಷ್ಟಾಗುತ್ತದೆ. ದಂಡ ಇಷ್ಟು ಕಡಿಮೆ, ಹೆಸರಿನ ಮುಂದಿನ 'ಡಾ.'ಗೆ ಆಸೆ ಇಷ್ಟು ಜಾಸ್ತಿ. ನಡುವೆ ವ್ಯಾಪಾರ ಹುಟ್ಟದೆ ಇರುತ್ತದಾ?

ಮುಂಬಯಿಯಲ್ಲಿ ಈ ಬಲೆಗೆ ಬೀಳುವವರು ಹೆಚ್ಚಾಗಿ ಒಳ್ಳೆಯ ಕೆಲಸ ಮಾಡಿದವರೇ ಅನ್ನೋದು ಬೇಜಾರಿನ ವಿಷಯ. ಸಂಘ ಕಟ್ಟಿದವರು, ಊರಿನ ಶಾಲೆಗೆ ಕೊಠಡಿ ಕಟ್ಟಿಸಿದವರು, ಹೋಟೆಲ್ ಕೆಲಸದಿಂದ ಶುರು ಮಾಡಿ ಮೇಲೆ ಬಂದವರು. ಚಿಕ್ಕಂದಿನಲ್ಲಿ ಓದಲು ಆಗಲಿಲ್ಲ ಅನ್ನುವ ಕೊರಗು ಒಳಗೆ ಇರುತ್ತದೆ. 'ನಿಮ್ಮನ್ನು ಗೌರವ ಡಾಕ್ಟರೇಟ್‌ಗೆ ಆಯ್ಕೆ ಮಾಡಿದ್ದೇವೆ' ಅಂತ ಪತ್ರ ಬಂದರೆ ಖುಷಿ ಆಗದೆ ಇರುತ್ತದಾ. ಆ ಪತ್ರದಲ್ಲೇ ನೋಂದಣಿ, ನಿಲುವಂಗಿ, ವೇದಿಕೆ ಖರ್ಚು ಅಂತ ಹಣ ಕೇಳಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಗೌರವ ಕೊಡುವವರು ಬಿಲ್ ಕಳಿಸುವುದಿಲ್ಲ.

ಮಹಾರಾಷ್ಟ್ರದ ಖಾಸಗಿ ಮತ್ತು ಡೀಮ್ಡ್ ವಿ.ವಿ.ಗಳದ್ದು ನಡುವಿನ ಸ್ಥಿತಿ. ಅವು ಕೊಡುವ ಪದವಿ ಕಾನೂನಿನ ಪ್ರಕಾರ ಸರಿಯಾದದ್ದೇ. ಆದರೆ ಅಲ್ಲಿ ಪದವೀಧರರು ಆರಿಸಿದ ಸೆನೆಟ್ ಇಲ್ಲ. ಯಾರಿಗೆ ಕೊಡಬೇಕು ಅನ್ನುವ ಮಾತು ಸಂಸ್ಥೆ ನಡೆಸುವವರ ಸುತ್ತಲೇ ಮುಗಿಯುತ್ತದೆ. ಅವುಗಳ ಗೌರವ ಪದವಿಗೆ ಎಷ್ಟು ಬೆಲೆ ಅನ್ನೋದು ಹಿಂದೆ ಯಾರಿಗೆ ಕೊಟ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

'ಡಾ.' ಹಾಕಿಕೊಳ್ಳಬಹುದೇ?

ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದೆ. ಸೈನ್ಯದ ಮತ್ತು ವಿದ್ಯೆಯ ಗೌರವಗಳಿಗೆ ಮಾತ್ರ ವಿನಾಯಿತಿ. ಪದ್ಮ ಪ್ರಶಸ್ತಿಗಳನ್ನು ಹೆಸರಿನ ಹಿಂದೆ ಮುಂದೆ ಸೇರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಗೌರವ ಡಾಕ್ಟರೇಟ್ ವಿದ್ಯೆಯ ಗೌರವದ ಸಾಲಿಗೆ ಬರುವುದರಿಂದ ಆ ತೀರ್ಪಿನ ಹೊರಗೆ ಉಳಿಯುತ್ತದೆ. ಹಾಗಾಗಿ ದೇಶ ಕೊಟ್ಟ ಪದ್ಮಭೂಷಣವನ್ನು ಲೆಟರ್‌ಹೆಡ್‌ನಲ್ಲಿ ಹೆಸರಿಗೆ ಅಂಟಿಸುವಂತಿಲ್ಲ, ಒಂದು ವಿ.ವಿ. ಕೊಟ್ಟ ಗೌರವ ಡಾಕ್ಟರೇಟ್ ಮಾತ್ರ ರಾಜಾರೋಷವಾಗಿ ಕೂತಿರುತ್ತದೆ. ವಿಚಿತ್ರ, ಅಲ್ವಾ? ಜಗತ್ತಿನ ಬಹುತೇಕ ವಿ.ವಿ.ಗಳ ರೂಢಿ ಮಾತ್ರ ಸ್ಪಷ್ಟ. ಗೌರವ ಪದವಿ ಪಡೆದವರು 'ಡಾ.' ಹಾಕಿಕೊಳ್ಳುವುದಿಲ್ಲ. ಹೆಸರಿನ ಕೊನೆಗೆ 'ಡಿ.ಲಿಟ್. (ಗೌರವ)' ಅಂತ ಬರೆದರೆ ಯಾರ ತಕರಾರೂ ಇಲ್ಲ.

ಖರ್ಚು ಬೀಳುವುದು ವಿದ್ಯಾರ್ಥಿಗಳ ಮೇಲೆ

ಫಲಿತಾಂಶ ಬಂದ ಮೇಲೆ 180 ದಿನದ ಒಳಗೆ ಪದವಿ ಕೊಡಬೇಕು ಅನ್ನುವುದು ಯುಜಿಸಿಯ 2008ರ ನಿಯಮ. ಘಟಿಕೋತ್ಸವ ಗಣ್ಯರ ಡೈರಿ ನೋಡಿಕೊಂಡು ನಿಗದಿಯಾದರೆ ಈ ಗಡುವು ಜಾರುತ್ತದೆ. ರಾಜ್ಯಪಾಲರ ದಿನಾಂಕ ಸಿಕ್ಕರೆ ಅತಿಥಿಯದು ಸಿಗುವುದಿಲ್ಲ, ಅತಿಥಿ ಸಿಕ್ಕರೆ ಅಧಿವೇಶನ ಅಡ್ಡ ಬರುತ್ತದೆ. ಮಂತ್ರಿ ಬರುವ ತನಕ ಮುಹೂರ್ತ ತಡೆಹಿಡಿದ ಮದುವೆಯ ಹಾಗೆ. ವಿದೇಶಕ್ಕೆ ಓದಲು ಹೊರಟ ಹುಡುಗಿಗೆ, ಸರ್ಕಾರಿ ಕೆಲಸದ ದಾಖಲೆ ಪರಿಶೀಲನೆಗೆ ಹೋಗುವ ಹುಡುಗನಿಗೆ ಪ್ರೊವಿಶನಲ್ ಸರ್ಟಿಫಿಕೇಟ್ ಹಿಡಿದು ಅಲೆಯುವುದು ತಪ್ಪುವುದಿಲ್ಲ.

2025ರ ಅಚ್ಚಿನ ತಪ್ಪನ್ನು ಇದರ ಜೊತೆ ಇಟ್ಟು ನೋಡಬೇಕು. ವಿ.ವಿ. ತಪ್ಪು ಒಪ್ಪಿಕೊಂಡು ಹೊಸ ಪತ್ರ ಕೊಡುವುದಾಗಿ ಹೇಳಿತು. ಗೌರವ ಪದವಿಯ ಬಿನ್ನವತ್ತಳೆಯಲ್ಲಿ ಇಂಥ ತಪ್ಪು ಯಾಕೆ ಆಗುವುದಿಲ್ಲ? ಅದನ್ನು ಹತ್ತು ಜನ ಹತ್ತು ಸಲ ಓದಿರುತ್ತಾರೆ. ವಿ.ವಿ.ಯ ಗಮನ ಎಲ್ಲಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮುಂದೇನಾಗಬಹುದು

ಗೌರವ ಪದವಿ ನಿಲ್ಲುವುದಿಲ್ಲ. ಖಾಸಗಿ ವಿ.ವಿ.ಗಳು ಹೆಚ್ಚಿದಷ್ಟೂ ಸಂಖ್ಯೆ ಏರುತ್ತದೆ. ಪ್ರತಿಯೊಂದಕ್ಕೂ ಘಟಿಕೋತ್ಸವ ಬೇಕು, ಪ್ರತಿ ಘಟಿಕೋತ್ಸವಕ್ಕೂ ಪತ್ರಿಕೆಯಲ್ಲಿ ಬರುವಂಥ ಮುಖ ಬೇಕು. ಸಂಖ್ಯೆ ಏರಿದಷ್ಟೂ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ಮೊದಲ ಪೆಟ್ಟು ನಿಜವಾಗಿ ಅರ್ಹರಾದವರಿಗೆ. ಒಳ್ಳೆಯ ಯಕ್ಷಗಾನ ಕಲಾವಿದನಿಗೆ ಡಾಕ್ಟರೇಟ್ ಬಂದರೂ 'ಎಷ್ಟು ಕೊಟ್ಟನಂತೆ?' ಅಂತ ಜನ ಕೇಳುವ ಕಾಲ ಬರುತ್ತದೆ. ಎಷ್ಟೋ ಕಡೆ ಬಂದಾಗಿದೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಹೆಸರನ್ನು ಯಾರು ಸೂಚಿಸಿದರು, ಯಾವ ಕೆಲಸಕ್ಕಾಗಿ, ಸೆನೆಟ್‌ನಲ್ಲಿ ಎಷ್ಟು ಮತ ಬಿತ್ತು, ಇಷ್ಟನ್ನು ಘಟಿಕೋತ್ಸವಕ್ಕೆ ಮೊದಲೇ ವಿ.ವಿ. ಪ್ರಕಟಿಸಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಪ್ರಕಟಿಸದಿದ್ದರೂ ಕೇಳಬಹುದು. ಸರ್ಕಾರಿ ವಿ.ವಿ.ಗಳು 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಸೆನೆಟ್ ಸಭೆಯ ನಡಾವಳಿಯ ಪ್ರತಿಗೆ ಅರ್ಜಿ ಹಾಕಲು ವಕೀಲರೂ ಬೇಡ.

ಕನ್ನಡಿಗರು ಇಲ್ಲಿ ಹೊರಗಿನವರೇನಲ್ಲ. 1949ರಲ್ಲಿ ಕರ್ನಾಟಕ ವಿ.ವಿ. ಹುಟ್ಟುವ ತನಕ ಧಾರವಾಡ, ಬೆಳಗಾವಿಯ ಕಾಲೇಜುಗಳು ಮುಂಬಯಿ ವಿ.ವಿ.ಗೇ ಸೇರಿದ್ದವು. ಗೋವಾ ವಿ.ವಿ. 1985ರಲ್ಲಿ ಶುರುವಾಗುವ ಮುಂಚೆ ಅಲ್ಲಿನ ಕಾಲೇಜುಗಳೂ ಇದರ ಅಡಿಯಲ್ಲೇ ಇದ್ದವು. ಈಗಲೂ ಮುಂಬಯಿ, ಠಾಣೆ, ರಾಯಗಡದ ಸಾವಿರಾರು ಕನ್ನಡಿಗರ ಮನೆಯಲ್ಲಿ ಈ ವಿ.ವಿ.ಯ ಪದವಿ ಪತ್ರ ಇದೆ. ಅವರಲ್ಲಿ ಎಷ್ಟು ಜನ ನೋಂದಾಯಿತ ಪದವೀಧರರ ಮತದಾರ ಪಟ್ಟಿಯಲ್ಲಿದ್ದಾರೆ? ಹೋಟೆಲ್ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆ ನಡೆಸಿದವರಂಥ ಹೆಸರುಗಳನ್ನು ಮೇಲಿನವರು ತಾವಾಗಿ ಹುಡುಕಿಕೊಂಡು ಬರುವುದಿಲ್ಲ. ಸೆನೆಟ್‌ನಲ್ಲಿ ಯಾರಾದರೂ ಎದ್ದು ಹೇಳಬೇಕು. ಹೇಳುವವರನ್ನು ಆರಿಸುವ ಪಟ್ಟಿಗೆ ಹೆಸರು ಸೇರಿಸುವ ಪ್ರಕಟಣೆ ಚುನಾವಣೆಗೆ ಮೊದಲು ವಿ.ವಿ.ಯ ಜಾಲತಾಣದಲ್ಲಿ ಬರುತ್ತದೆ, ಅರ್ಜಿಯ ಜೊತೆ ಪದವಿ ಪತ್ರದ ಪ್ರತಿ ಕೊಡಬೇಕಾಗುತ್ತದೆ.